ಅಂಗಳ ಕೆತ್ತಿ ಅಟ್ಟ ಕಟ್ಟಿದ್ದು

ಹಸ್ತ ಮಳೆ ಮುಗಿದು ಚಿತ್ತೆ ಹುಟ್ಟಿದರೆ ಉತ್ತರ ಕನ್ನಡದ ಸಿದ್ದಾಪುರ ಸೀಮೆಯ ಅಡಿಕೆ ಮನೆಗಳಲ್ಲಿ ಎಲ್ಲರ ಕಣ್ಣೂ ಅಂಗಳದ ಮೇಲೆ ಬೀಳುತ್ತದೆ. ಜೂನ್ ತಿಂಗಳಿನಿಂದ ಅಡಿಕೆ ಗರಿಯ ಸೋಗೆ ಹೊದೆಸಿಟ್ಟ ನೆಲ ಅದು. ದೀಪಾವಳಿಯ ಬೆನ್ನಿಗೆ ಕೊನೆ, ಅಂದರೆ ಅಡಿಕೆ ಗೊನೆಯ ಕೊಯ್ಲು ಶುರುವಾಗುತ್ತದೆ. ಅಷ್ಟರೊಳಗೆ ಸೋಗೆ ತೆಗೆದು, ಕಳೆ ಕೆತ್ತಿ, ನೆಲ ಬಡಿದು, ಸಗಣಿ ಬಳಿದು, ಅಡಿಕೆ ಒಣಗಿಸುವ ಅಟ್ಟ ಕಟ್ಟಿ, ಬೇಯಿಸುವ ಒಲೆಗೆ ಮಣ್ಣು ಮೆತ್ತಿ ಆಗಿರಬೇಕು. ಈ ವರ್ಷ ನಮ್ಮ ಮನೆಯಲ್ಲಿ ಅಟ್ಟವನ್ನು ಹಳೆಯ ಅಳತೆ ಬಿಟ್ಟು ಹೊಸದಾಗಿ ಕಟ್ಟಿದೆವು. ಮರ ಆರಿಸಿದ್ದರಿಂದ ಹಿಡಿದು ತಾಡಪತ್ರಿ ಹೊದೆಸುವವರೆಗೆ ಏನೇನು ಮಾಡಿದೆವು, ಯಾಕೆ ಹಾಗೆ ಮಾಡಿದೆವು ಎಂಬುದನ್ನು ಬರೆದಿಡುತ್ತಿದ್ದೇನೆ. ಬಿಸಿಲು ಬೇಕೆಂದು ಎಲ್ಲರಿಗೂ ಗೊತ್ತು. ಅಡಿಕೆಯ ಅಡಿಯಿಂದ ಗಾಳಿ ಆಡಬೇಕೆಂಬುದನ್ನು ಮಾತ್ರ ಸಿಮೆಂಟ್ ಅಂಗಳ ಬಂದ ಮೇಲೆ ಬಹಳ ಜನ ಮರೆತಿದ್ದಾರೆ. ಈ ಅಟ್ಟದ ಪ್ರತಿಯೊಂದು ಅಳತೆಯನ್ನೂ ಆ ಗಾಳಿಯನ್ನು ನೆನಪಿಟ್ಟುಕೊಂಡೇ ನಿಶ್ಚಯಿಸಿದೆವು.

ನಮ್ಮ ಹಳೆಯ ಅಟ್ಟ ಆಳೆತ್ತರದ್ದು. ಏಣಿ ಹತ್ತಿ ಅಡಿಕೆ ಹರವುವುದು, ಮಧ್ಯಾಹ್ನ ಮತ್ತೆ ಹತ್ತಿ ಕೈಯಾಡಿಸುವುದು, ಸಂಜೆ ಇನ್ನೊಮ್ಮೆ ಹತ್ತಿ ರಾಶಿ ಮಾಡಿ ಮುಚ್ಚುವುದು. ಕೆಳಗಿನ ನೆರಳಿನಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುವವರ ಸಾಲು ಕೂರುತ್ತಿತ್ತು. ಮನೆ ತುಂಬ ಜನರಿದ್ದ ಕಾಲಕ್ಕೆ ಅದು ಒಳ್ಳೆಯ ವ್ಯವಸ್ಥೆ. ಈಗ ಸುಲಿಯುವ ಕೆಲಸದ ಬಹುಪಾಲು ಯಂತ್ರಕ್ಕೆ ಹೋಗಿದೆ. ಒಣಗುವ ಅಡಿಕೆಯನ್ನು ದಿನವಿಡೀ ನೋಡಿಕೊಳ್ಳುವವರು ಆಯಿ, ಅಂದರೆ ನನ್ನ ತಾಯಿ. ಅವರಿಗೆ ಮಂಡಿ ನೋವು, ಏಣಿಯ ಮಾತೇ ಇಲ್ಲ.

"ಅಟ್ಟ ನನ್ನ ಕೈಗೆ ಎಟುಕಬೇಕು. ಮತ್ತೆ ನೀವು ಹೇಗಾದರೂ ಕಟ್ಟಿ" ಎಂದರು ಆಯಿ.

ಆ ಒಂದು ಮಾತಿನಿಂದ ಎಲ್ಲ ಅಳತೆಯೂ ಹೊರಟಿತು. ಎತ್ತರ ಮೂರು ಅಡಿ, ಅಂದರೆ ಆಯಿಯ ಸೊಂಟದ ಮಟ್ಟ. ಅಗಲ ಆರು ಅಡಿ, ಏಕೆಂದರೆ ನಿಂತಲ್ಲಿಂದ ಕೈ ಚಾಚಿದರೆ ಮೂರು ಅಡಿ ಸಿಗುತ್ತದೆ. ಎರಡೂ ಬದಿಯಿಂದ ಚಾಚಿದರೆ ನಡುವಿನ ಅಡಿಕೆಗೂ ಕೈ ತಾಗುತ್ತದೆ. ಅಗಲ ಕಡಿಮೆಯಾದುದನ್ನು ಉದ್ದದಲ್ಲಿ ತುಂಬಿಸಿಕೊಂಡು 30 ಅಡಿ ಮಾಡಿದೆವು. ಒಟ್ಟು 180 ಚದರ ಅಡಿ. ಸುಲಿದು ಬೇಯಿಸಿ ಒಣಗಿಸುವ ಕೆಂಪಡಿಕೆಗೆ ಇಷ್ಟು ಜಾಗ ನಮ್ಮ ಮನೆಗೆ ಸಾಕು. ಸಿಪ್ಪೆಸಹಿತ ಹಣ್ಣಡಿಕೆ ಒಣಗಿಸುವ ಚಾಲಿಗೆ ಹೇಗೂ ನೆಲವೇ ಬೇಕು. ಅದು 35ರಿಂದ 40 ದಿನ ಬಿಸಿಲು ತಿನ್ನುತ್ತದೆ, ಅಟ್ಟದ ಮೇಲೆ ಅಷ್ಟು ದಿನ ಜಾಗ ಹಿಡಿದು ಕೂತರೆ ಬೇಯಿಸಿದ ಅಡಿಕೆಗೆ ಎಡೆಯಿರುವುದಿಲ್ಲ.

ಅಟ್ಟ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಅಪ್ಪಯ್ಯ ಮತ್ತು ನಾನು ಸ್ವಲ್ಪ ವಾದ ಮಾಡಿದೆವು. ಅಂಗಳದ ತೆಂಕು ಬದಿಯಲ್ಲಿ ಸುಮಾರು 30 ಅಡಿಯ ಹಲಸಿನ ಮರವಿದೆ. ಅಕ್ಟೋಬರ್ ಮೊದಲ ಭಾಗದಲ್ಲಿ ಮಟಮಟ ಮಧ್ಯಾಹ್ನ ಅದರ ನೆರಳು ಬಡಗು ದಿಕ್ಕಿಗೆ 12 ಅಡಿಯಷ್ಟೇ ಬೀಳುತ್ತದೆ. ನೋಡಿದರೆ ಅದರಾಚೆ ಎಲ್ಲವೂ ಬಯಲು ಎನ್ನಿಸುತ್ತದೆ. ಆದರೆ ಅಡಿಕೆ ಒಣಗುವುದು ಅಕ್ಟೋಬರಿನಲ್ಲಲ್ಲ. ಸೂರ್ಯ ದಕ್ಷಿಣಕ್ಕೆ ಜಾರುತ್ತ ಹೋಗಿ ಡಿಸೆಂಬರ್ ಮೂರನೆಯ ವಾರಕ್ಕೆ ನಮ್ಮ ಸೀಮೆಯಲ್ಲಿ ಮಧ್ಯಾಹ್ನವೂ 52 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಆಗ ಅದೇ ಮರದ ನೆರಳು 23 ಅಡಿ ಚಾಚುತ್ತದೆ. ಬೆಳಗ್ಗೆ, ಸಂಜೆ ಇನ್ನೂ ಉದ್ದ. ಆದ್ದರಿಂದ ಮರದಿಂದ 25 ಅಡಿ ಬಿಟ್ಟು, ಅಂಗಳದ ಬಡಗು ಅಂಚಿಗೆ ತಾಗಿದಂತೆ, ಉದ್ದ ಪೂರ್ವ ಪಶ್ಚಿಮಕ್ಕೆ ಬರುವ ಹಾಗೆ ದಾರ ಎಳೆದೆವು. ಅಪ್ಪಯ್ಯನಿಗೆ ಮನೆಯ ಜಗಲಿಗೆ ಹತ್ತಿರವಿರಲಿ ಎಂಬ ಆಸೆಯಿತ್ತು. ಲೆಕ್ಕ ಕೇಳಿದ ಮೇಲೆ ಒಪ್ಪಿದರು.

ಮರದ ವಿಚಾರ ಬಂದರೆ ನಾನು ಅಡಿಕೆ ಮರದ ಪಕ್ಷ. ಕಬ್ಬಿಣದ ಪೈಪು ಬೆಸೆದು ಕಟ್ಟಿದ ಅಟ್ಟಗಳು ಈಗ ಸುತ್ತಮುತ್ತ ಬೇಕಾದಷ್ಟಿವೆ, ಬಾಳಿಕೆಯೂ ಇದೆ. ಆದರೆ ತೋಟದಲ್ಲೇ ಪ್ರತಿ ವರ್ಷ ಸಾಯುವ ಮರಗಳಿರುವಾಗ ಹಣ ಕೊಟ್ಟು ತರುವುದು ನನಗೆ ಸರಿ ಕಾಣುವುದಿಲ್ಲ. ಮಳೆಗಾಲದಲ್ಲಿ ಕೊಳೆ ರೋಗ ಕಾಯಿಗಷ್ಟೇ ನಿಲ್ಲದೆ ಕೆಲವು ಮರಗಳ ಸುಳಿಗೂ ಇಳಿಯುತ್ತದೆ. ಸುಳಿ ಕೊಳೆತ ಮರ ಮತ್ತೆ ಚಿಗುರುವುದಿಲ್ಲ. ಅಡಿಕೆ ಮರಕ್ಕೆ ಇರುವುದು ಒಂದೇ ಸುಳಿ. ಹಿಂದಿನವರು ಕೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಮಲೆನಾಡಿನ ಕೊಳೆ ರೋಗವನ್ನು ಕೂಲಂಕಷವಾಗಿ ಅಭ್ಯಾಸ ಮಾಡಿದರು. ಬೋರ್ಡೋ ದ್ರಾವಣ ನಮ್ಮ ತೋಟಗಳಿಗೆ ಬಂದದ್ದು ಆ ದಾರಿಯಲ್ಲಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ: ಈ ಅಳತೆ ಇವತ್ತಿಗೂ ಬದಲಾಗಿಲ್ಲ. ಎರಡು ಸಲ ಹೊಡೆದರೂ ಬಿಡುವಿಲ್ಲದ ಮಳೆಯ ವರ್ಷಗಳಲ್ಲಿ ಕೆಲವು ಮರ ಹೋಗಿಯೇ ಹೋಗುತ್ತವೆ. ಹೋದ ಮರವನ್ನು ನಿಂತಲ್ಲೇ ಕೊಳೆಯಲು ಬಿಟ್ಟರೆ ಎರಡು ನಷ್ಟ.

ಯಾವ ಮರ ಕಡಿಯಬೇಕೆಂದು ಆರಿಸಿಕೊಟ್ಟವರು ಮರ ಹತ್ತಿ ಕೊನೆ ಕೊಯ್ಯುವ ನಮ್ಮ ಕೊನೆಗೌಡರು. ವರ್ಷದ ಹಿಂದೆ ಸತ್ತು ನಿಂತ ಮರ ಒಳಗೆ ಹಿಟ್ಟಾಗಿರುತ್ತದೆ. ಜೀವ ಇರುವ ಮರ ನೀರು ತುಂಬಿ ಭಾರ, ಒಣಗುವಾಗ ತಿರುಚಿಕೊಳ್ಳುತ್ತದೆ. ಇದೇ ಮಳೆಗಾಲದಲ್ಲಿ ಸುಳಿ ಬಿದ್ದ ಮುದಿ ಮರ ಎಲ್ಲದಕ್ಕಿಂತ ಒಳ್ಳೆಯದು. ಅವರು ಕತ್ತಿಯ ಬೆನ್ನಿನಿಂದ ಬುಡಕ್ಕೆ ಒಂದು, ಎದೆಮಟ್ಟಕ್ಕೆ ಒಂದು ಪೆಟ್ಟು ಹಾಕಿ ಕಿವಿಗೊಡುತ್ತಿದ್ದರು. ಗಟ್ಟಿ ಮರ ಟಣ್ ಎನ್ನುತ್ತದೆ, ಪೊಳ್ಳು ಮರದ ಸದ್ದು ದಪ್ಪ.

"ಹೆಗಡೆಯವರೇ, ಇದು ಕಂಬಕ್ಕೆ ಆಗುತ್ತದೆ. ಆ ಆಚೆಯದು ದಬ್ಬೆಗೆ. ಮೂಲೆಯದು ಒಲೆಗೆ ಮಾತ್ರ" ಎಂದು ಅಪ್ಪಯ್ಯನಿಗೆ ಹೇಳುತ್ತ ಹೋದರು. ನಾನು ಹಿಂದಿನಿಂದ ಸುಣ್ಣದ ಗುರುತು ಹಾಕುತ್ತ ಹೋದೆ.

ತೋಟದಲ್ಲಿ ಮರ ಬೀಳಿಸುವುದು ಜಾಗರೂಕತೆಯ ಕೆಲಸ. ಸುತ್ತ ಒಂಬತ್ತು ಅಡಿಗೊಂದು ಜೀವದ ಮರ, ಅದಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ನಡುವೆ ಬಾಳೆ, ಏಲಕ್ಕಿ. ತುದಿಗೆ ಹಗ್ಗ ಕಟ್ಟಿ, ಕಾಲುವೆಯ ಉದ್ದಕ್ಕೆ ಬೀಳುವ ಹಾಗೆ ಎಳೆದುಕೊಂಡು, ಬುಡದಲ್ಲಿ ಬೀಳುವ ಬದಿಗೆ ಮೊದಲು ಕಚ್ಚು ಹಾಕಿ ಕಡಿದೆವು. ಬಿದ್ದ ಮರವನ್ನು ಅಲ್ಲಿಯೇ ಮೂರು ತುಂಡು ಮಾಡಿದೆವು. ಬುಡದ ತುಂಡು ಕಂಬಕ್ಕೆ, ನಡುವಿನದು ದಬ್ಬೆಗೆ, ಅಂದರೆ ಉದ್ದಕ್ಕೆ ಸೀಳಿದ ಪಟ್ಟಿಗಳಿಗೆ. ತುದಿಯ ತುಂಡಿನಲ್ಲಿ ಬರೀ ಮೆತ್ತನೆಯ ತಿರುಳು. ಅದನ್ನು ಕೊಚ್ಚಿ ಮರದ ಬುಡಕ್ಕೆ ಹಾಕಿದರೆ ಮುಂದಿನ ಮಳೆಗಾಲದೊಳಗೆ ಮಣ್ಣಾಗುತ್ತದೆ. ಅಡಿಕೆ ಮರದಲ್ಲಿ ಗಟ್ಟಿ ಇರುವುದು ಹೊರಸುತ್ತು, ಅದೂ ಬುಡದ ಕಡೆ ಹೆಚ್ಚು. ನಡುವೆ ಇರುವುದೆಲ್ಲ ನೀರು ಹೀರುವ ನಾರು.

ದಬ್ಬೆ ಸೀಳುವುದನ್ನು ಹತ್ತಿರ ಕುಳಿತು ನೋಡಬೇಕು. ತುಂಡನ್ನು ಎರಡು ಅಡ್ಡಗಟ್ಟಿಗೆಗಳ ಮೇಲೆ ಮಲಗಿಸಿ, ಬುಡದ ಮುಖಕ್ಕೆ ಕೊಡಲಿಯ ಬಾಯಿ ಇಟ್ಟು, ಹಿಂದಿನಿಂದ ಮರದ ಕೊಡತಿಯಲ್ಲಿ ಒಂದು ಪೆಟ್ಟು. ಸಣ್ಣ ಬಿರುಕು ಬಾಯಿ ಬಿಡುತ್ತದೆ. ಅದಕ್ಕೆ ಗಟ್ಟಿ ಮರದ ಬೆಣೆ. ಇನ್ನೊಂದು ಪೆಟ್ಟಿಗೆ ಬಿರುಕು ಒಂದು ಮೊಳ ಓಡುತ್ತದೆ, ಒಳಗಿನಿಂದ ಹಸಿ ಹಸಿ ಹುಳಿ ವಾಸನೆ ಬರುತ್ತದೆ. ಎರಡನೆಯ ಬೆಣೆಯನ್ನು ಮೊದಲನೆಯದರ ಮುಂದೆ ಹೊಡೆದರೆ ಮೊದಲನೆಯದು ತಾನಾಗಿ ಸಡಿಲವಾಗಿ ಉದುರುತ್ತದೆ. ಅದನ್ನೆತ್ತಿ ಮತ್ತೂ ಮುಂದೆ ಹೊಡೆಯುವುದು. ನಾರುಗಳೆಲ್ಲ ಉದ್ದಕ್ಕೆ ಸಮನಾಗಿ ಓಡುವುದರಿಂದ ಸೀಳು ಅಡ್ಡ ಹೋಗುವುದೇ ಇಲ್ಲ. ಹನ್ನೆರಡು ಅಡಿಯ ತುಂಡು ಎರಡು ಹೋಳಾಗಿ ಬಿದ್ದಾಗ ಒಳಗಿನ ತಿರುಳು ನಸುಗೆಂಪು, ಅಂಚಿನಲ್ಲಿ ಕಪ್ಪು ಗೆರೆಗಳು ಒತ್ತಾಗಿ ಕೂತಿರುತ್ತವೆ. ಆ ಕಪ್ಪು ಗೆರೆಯೇ ದಬ್ಬೆಯ ಶಕ್ತಿ. ಅದು ಮುಗಿದಲ್ಲಿಗೆ ಕತ್ತಿಯಿಂದ ತಿರುಳನ್ನು ಪೂರ್ತಿ ಹೆರೆದು ತೆಗೆಯಬೇಕು. ತಿರುಳು ಉಳಿದ ದಬ್ಬೆ ಇಬ್ಬನಿ ಕುಡಿದು ಬೂಷ್ಟು ಹಿಡಿಯುತ್ತದೆ, ಆ ಬೂಷ್ಟು ಅಡಿಕೆಗೆ ದಾಟುತ್ತದೆ. ಈ ಕೆಲಸ ಬೇಸರದ್ದು, ಬೇಗ ಮುಗಿಸುವ ಮನಸ್ಸಾಗುತ್ತದೆ. ಆದರೆ ಅಟ್ಟದ ಗುಣ ನಿಶ್ಚಯವಾಗುವುದೇ ಇಲ್ಲಿ.

ಸಿಬಿರಿನ ವಿಚಾರ ಹೇಳಲೇಬೇಕು. ದಬ್ಬೆಯ ಅಂಚಿನ ಕಪ್ಪು ನಾರು ಸೂಜಿಯಷ್ಟೇ ಚೂಪು, ಚರ್ಮದೊಳಗೆ ಮುರಿದುಕೊಂಡರೆ ಕೀವಾಗುವವರೆಗೆ ಬಿಡುವುದಿಲ್ಲ. ಕೈಗೆ ಚರ್ಮದ ಗವಸು ಹಾಕಿ. ಅಂಚುಗಳನ್ನು ಕತ್ತಿಯಿಂದ ಒಮ್ಮೆ ಸವರಿ, ಆಮೇಲೆ ಗೋಣಿಚೀಲದಿಂದ ತಿಕ್ಕಿದೆವು. ದಿನವೂ ಬರಿಗೈಯಲ್ಲಿ ಅಡಿಕೆ ಕೈಯಾಡಿಸುವವರು ಆಯಿ ತಾನೇ.

ಮೊದಲೆಲ್ಲ ಅಟ್ಟದ ಮೇಲೆ ಬಿದಿರಿನ ತಟ್ಟಿ ಹಾಸುತ್ತಿದ್ದರು. ನಮ್ಮ ಬೆಟ್ಟದ ಬಿದಿರು ಹೂಬಿಟ್ಟು, ಅಕ್ಕಿ ಉದುರಿಸಿ, ಹಿಂಡಿಗೆ ಹಿಂಡೇ ಒಣಗಿದ ಮೇಲೆ ದೊಡ್ಡ ಗಳ ಸಿಗುವುದು ಕಷ್ಟವಾಗಿದೆ. ಸಸಿಗಳು ಎದ್ದಿವೆ, ಕಡಿಯುವ ವಯಸ್ಸು ಬಂದಿಲ್ಲ. ಅದಕ್ಕೇ ತಟ್ಟಿ ಬಿಟ್ಟು ದಬ್ಬೆ.

ಬೆಟ್ಟಕ್ಕೆ ಹೋಗುವ ಕೆಲಸ ಎರಡು ಇದ್ದವು. ತಾಡಪತ್ರಿಯ ತೊಲೆಗೆ ಕವಲು ಕೋಲು ತರುವುದು, ಕೊಟ್ಟಿಗೆಗೆ ದರಕು, ಅಂದರೆ ಒಣಗಿದ ಎಲೆ, ಗುಡಿಸುವ ಜಾಗ ನೋಡಿ ಬರುವುದು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ವ್ಯವಸ್ಥೆ ಬ್ರಿಟಿಷರ ಕಾಲದಿಂದ ಬಂದದ್ದು. ಅದು ಇಲ್ಲದಿದ್ದರೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದಿದ್ದರೆ ತೋಟವಿಲ್ಲ. ಆದರೆ ಮಳೆ ನಿಂತು ನೆಲ ಒಣಗುತ್ತ ಬಂದಂತೆ ಬೆಟ್ಟದಲ್ಲಿ ರಕ್ತ ಹೀರುವ ಉಣುಗು (ಉಣ್ಣೆ) ಹೆಚ್ಚುತ್ತದೆ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಾಣಿಸಿಕೊಂಡ ಕ್ಯಾಸನೂರು ಕಾಡು ಪಕ್ಕದ ಸೊರಬ ತಾಲೂಕಿನಲ್ಲೇ ಇದೆ. ನಮ್ಮ ತಾಲೂಕಿನಲ್ಲೂ ಈಚಿನ ವರ್ಷಗಳಲ್ಲಿ ಜನ ನರಳಿದ್ದಾರೆ, ಜೀವ ಕಳೆದುಕೊಂಡಿದ್ದಾರೆ. ಹಾಗಾಗಿ ಕಂಬ, ಕೋಲು ತರುವ ಕೆಲಸವನ್ನೆಲ್ಲ ನೆಲ ಇನ್ನೂ ತೇವವಿರುವಾಗಲೇ ಮುಗಿಸುತ್ತೇವೆ. ಹೋಗುವಾಗ ಆರೋಗ್ಯ ಕೇಂದ್ರದಲ್ಲಿ ಕೊಡುವ ತೈಲವನ್ನು ಕೈಕಾಲಿಗೆ ಹಚ್ಚುವುದು, ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡುವುದು ನಮ್ಮಲ್ಲಿ ಕಡ್ಡಾಯ. ಕಾಡಿನಲ್ಲಿ ಮಂಗ ಸತ್ತುಬಿದ್ದದ್ದು ಕಂಡರೆ ಆ ದಿಕ್ಕಿಗೆ ಹೋಗದೆ ತಿಳಿಸಬೇಕಾದವರಿಗೆ ತಿಳಿಸುವುದು.

ಇನ್ನು ಅಂಗಳ. ಸೋಗೆ ಎತ್ತಿದರೆ ಕೆಳಗಿನ ನೆಲ ಕಪ್ಪಾಗಿ, ಎರೆಹುಳುವಿನ ಮಣ್ಣಿನ ಗುಪ್ಪೆಗಳಿಂದ ತುಂಬಿತ್ತು. ಸೋಗೆ ಸರಿದ ಕಡೆ ಹುಲ್ಲು ಎದ್ದು, ಹಾವಸೆ ಕಟ್ಟಿತ್ತು. ಹುಲ್ಲನ್ನು ಹಾರೆಯ ಬಾಯಿಯಿಂದ ಬೇರುಸಹಿತ ಕೆತ್ತಿದೆವು. ಕೆಲವರು ಈಗ ಅಂಗಳಕ್ಕೆ ಕಳೆನಾಶಕ ಹೊಡೆಯುತ್ತಾರೆ. ಮನುಷ್ಯರು ಬಾಯಿಗೆ ಹಾಕಿಕೊಳ್ಳುವ ಅಡಿಕೆಯನ್ನು ಅದೇ ನೆಲದ ಮೇಲೆ ತಿಂಗಳುಗಟ್ಟಲೆ ಹರವುತ್ತೇವೆ, ಮಕ್ಕಳು ಅದೇ ನೆಲದ ಮೇಲೆ ಆಡುತ್ತಾರೆ. ಕೆತ್ತಲು ಆಳು ಸಿಗುವುದಿಲ್ಲ ಎಂಬ ಕಷ್ಟ ನನಗೆ ಅರ್ಥವಾಗುತ್ತದೆ, ಆದರೂ ಇದನ್ನು ಒಪ್ಪಲಾರೆ. ನಾವು ಪಕ್ಕದ ಮನೆಯ ಭಾವನ ಜೊತೆ ಮುರಿಯಾಳು ಮಾಡಿಕೊಂಡೆವು. ನಮ್ಮ ಅಂಗಳಕ್ಕೆ ಅವರು, ಅವರ ಅಂಗಳಕ್ಕೆ ನಾವು.

ಕೆತ್ತಿದ ನೆಲದ ತಗ್ಗುಗಳಿಗೆ ಗುಡ್ಡದ ಕೆಂಪು ಮಣ್ಣು ತುಂಬಿ, ನೀರು ಚಿಮುಕಿಸಿ, ಹಿಡಿಯಿರುವ ಅಗಲ ಹಲಗೆಯಿಂದ ಬಡಿಯುವುದು. ಮನೆಯ ಕಡೆಯಿಂದ ತೋಟದ ಕಡೆಗೆ 30 ಅಡಿಗೆ ಅರ್ಧ ಅಡಿ ಇಳಿಜಾರು ಇಟ್ಟೆವು. ನೋಡಲು ಪಾರದರ್ಶಕ ನಳಿಗೆಯಲ್ಲಿ ನೀರು ತುಂಬಿ ಎರಡು ತುದಿ ಹಿಡಿದರೆ ಸಾಕು, ಬೇರೆ ಯಂತ್ರ ಬೇಡ. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮ್ಮಲ್ಲಿ ವಿಶಾಖಾ ಮಳೆ ಹೇಳದೆ ಕೇಳದೆ ಸುರಿಯುತ್ತದೆ. ಆ ನೀರು ಅಂಗಳದಲ್ಲಿ ಅರ್ಧ ತಾಸು ನಿಂತರೂ ಬಡಿದ ನೆಲ ಮೆತ್ತಗಾಗುತ್ತದೆ.

ನೆಲ ಆರಿದ ಮೇಲೆ ಸಗಣಿ. ಆಯಿ ಇದರಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ. ಮೇವು ಮೇಯುವ ಮಲೆನಾಡು ಗಿಡ್ಡ ತಳಿಯ ಹಸುವಿನ ಸಗಣಿಯೇ ಆಗಬೇಕು. ಹಿಂಡಿ ತಿನ್ನುವ ಹಸುವಿನ ಸಗಣಿಯಲ್ಲಿ ನಾರು ಇರುವುದಿಲ್ಲ, ಒಣಗಿದ ಮೇಲೆ ಹಪ್ಪಳ ಏಳುತ್ತದೆ ಎನ್ನುತ್ತಾರೆ. ಮೊದಲನೆಯ ಬಳಿತ ತೆಳ್ಳಗೆ, ಮಜ್ಜಿಗೆಯ ಹದಕ್ಕೆ. ಅದು ಬಿರುಕಿನೊಳಗೆ ಇಳಿಯಬೇಕು. ಅದು ಪೂರ್ತಿ ಒಣಗಿದ ಮೇಲೆ ಎರಡನೆಯದು ದಪ್ಪಗೆ. ಬೆಳಗ್ಗೆ ಇಬ್ಬನಿ ಆರುತ್ತಿದ್ದಂತೆ ಶುರು ಮಾಡಿ, ಅಡಿಕೆ ಹಾಳೆಯ ತುಂಡಿನಿಂದ ಅರ್ಧಚಂದ್ರದ ಹಾಗೆ ಎಳೆಯುತ್ತ ಹಿಂದೆ ಹಿಂದೆ ಸರಿಯುವುದು. ಒಂದು ಎಳೆತದ ಅಂಚು ಒಣಗುವ ಮೊದಲು ಇನ್ನೊಂದು ಅದರ ಮೇಲೆ ಬೀಳಬೇಕು, ಇಲ್ಲವಾದರೆ ಸಂದಿನಲ್ಲಿ ಧೂಳು ಏಳುತ್ತದೆ. ಆಯಿಗೆ ಬಗ್ಗಲು ಆಗದ್ದರಿಂದ ಮಗಳು ಬಳಿದಳು, ಆಯಿ ಜಗಲಿಯ ಮೇಲೆ ಕೂತು ಹೇಳಿಕೊಟ್ಟರು. "ಕೂಸೇ, ಅಲ್ಲಿ ಒಂದು ಕೈ ಬಿಟ್ಟಿದೆ ನೋಡು." ಮಗಳಿಗೆ ಆ ಬಿಟ್ಟ ಜಾಗ ಕಾಣುತ್ತಿರಲಿಲ್ಲ. ಹತ್ತಿರ ಹೋಗಿ ನೋಡಿದರೆ ಅಂಗೈಯಗಲದ ಮಣ್ಣು ಅಲ್ಲಿ ಇದ್ದೇ ಇರುತ್ತಿತ್ತು.

ಅಟ್ಟದ ಕಂಬಗಳನ್ನು ಬಳಿಯುವ ಮೊದಲೇ ನಿಲ್ಲಿಸಿಕೊಂಡಿದ್ದೆವು. ಈ ಕ್ರಮ ಮುಖ್ಯ. ಬಳಿದ ಮೇಲೆ ಗುಂಡಿ ತೋಡಿದರೆ ಎರಡು ಸಲ ಬಳಿಯಬೇಕಾಗುತ್ತದೆ. ಎರಡು ಸಾಲು, ಸಾಲಿಗೆ ಆರು ಕಂಬ, ಕಂಬದಿಂದ ಕಂಬಕ್ಕೆ ಆರು ಅಡಿ. ಒಂದೂವರೆ ಅಡಿ ನೆಲದೊಳಗೆ, ಮೂರು ಅಡಿ ಮೇಲೆ. ಅಡಿಕೆ ಕಂಬದ ಶತ್ರು ಗೆದ್ದಲು. ಅದು ಹೊರಗಿನ ಗಟ್ಟಿ ಸುತ್ತನ್ನು ಬಿಟ್ಟು ತಿರುಳಿನ ದಾರಿಯಲ್ಲಿ ಮೇಲೇರುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ. ಅದಕ್ಕೆ ಹೂಳುವ ತುದಿಯ ತಿರುಳನ್ನು ಒಂದು ಗೇಣು ಕೊರೆದು ತೆಗೆದು, ಆ ತುದಿಯನ್ನು ಬೆಂಕಿಯಲ್ಲಿ ಮೇಲ್ಮೈ ಇದ್ದಲಾಗುವವರೆಗೆ ಸುಟ್ಟು, ಕೊರೆದ ಪೊಳ್ಳಿಗೆ ಸುಣ್ಣ ಬೆರೆಸಿದ ಬೂದಿ ತುಂಬಿದೆವು. ಗುಂಡಿಯ ತಳಕ್ಕೆ ಚಪ್ಪಟೆ ಕಲ್ಲು, ಸುತ್ತ ಜಂಬಿಟ್ಟಿಗೆಯ ಚೂರು, ಮೇಲೆ ಮಣ್ಣು. ನಾಲ್ಕು ಮೂಲೆಗೆ ಮಾತ್ರ ಅಡಿಕೆಯ ಬದಲು ಹಿತ್ತಲಿನ ಅಕೇಶಿಯಾ ಕಂಬ. ಇಡೀ ಅಟ್ಟ ಓಲಾಡದಂತೆ ಹಿಡಿಯುವವು ಮೂಲೆಯವೇ.

ಕಂಬಗಳ ತಲೆಯಲ್ಲಿ ತೊಲೆ ಕೂರುವಷ್ಟು ಕಚ್ಚು ಮಾಡಿ, ಉದ್ದಕ್ಕೆ ಅರ್ಧ ಸೀಳಿದ ಅಡಿಕೆ ಮರ ಇಟ್ಟೆವು. 30 ಅಡಿಗೆ ಒಂದೇ ತುಂಡು ಸಿಗುವುದಿಲ್ಲ, ಕಂಬದ ತಲೆಯ ಮೇಲೆಯೇ ಎರಡು ತುಂಡು ಸೇರುವ ಹಾಗೆ ನೋಡಿಕೊಂಡರಾಯಿತು. ಅದರ ಮೇಲೆ ಎರಡಡಿಗೊಂದರಂತೆ 16 ಅಡ್ಡಪಟ್ಟಿ. ಅದರ ಮೇಲೆ ಉದ್ದಕ್ಕೆ ದಬ್ಬೆ. ದಬ್ಬೆಯ ಅಗಲ ಒಂದೂವರೆ ಅಂಗುಲ, ನಡುವೆ ಅರ್ಧ ಅಂಗುಲ ಸಂದು. ಅಂದರೆ ಆರು ಅಡಿ ಅಗಲಕ್ಕೆ 36 ಸಾಲು. ಗಟ್ಟಿಯ ಹೊರಮೈ ಮೇಲ್ಮುಖವಾಗಿರಬೇಕು. ಹಾಗಿದ್ದರೆ ನೀರು ಬಿದ್ದರೂ ಎರಡು ಬದಿಗೆ ಜಾರಿ ಸಂದಿನಿಂದ ಇಳಿದುಹೋಗುತ್ತದೆ. ಸಂದನ್ನು ಇನ್ನೂ ಕಿರಿದು ಮಾಡೋಣ, ಅಡಿಕೆ ಬೀಳುವುದಿಲ್ಲ ಎಂದು ಭಾವ ಹೇಳಿದರು. ನಾನು ಬಿಡಲಿಲ್ಲ. ಬೀಳದಂತೆ ತಡೆಯಲು ಮೇಲೆ ಬಲೆ ಹಾಸುತ್ತೇವೆ. ಸಂದು ಇರುವುದು ಗಾಳಿಗೆ.

ಮೊಳೆ ಒಂದನ್ನೂ ಹೊಡೆಯಲಿಲ್ಲ. ಅಡಿಕೆ ದಬ್ಬೆಗೆ ಮೊಳೆ ಹೊಡೆದರೆ ನಾರಿನುದ್ದಕ್ಕೆ ಸೀಳಿಕೊಂಡು ಹೋಗುತ್ತದೆ. ಎಲ್ಲವೂ ಕತ್ತದ ಹಗ್ಗದ ಕಟ್ಟು. ಹಗ್ಗವನ್ನು ರಾತ್ರಿ ನೀರಿನಲ್ಲಿ ನೆನೆಸಿಟ್ಟರೆ ಬೆಳಗ್ಗೆ ಕೈಗೆ ಮೆತ್ತಗೆ ಒಗ್ಗುತ್ತದೆ. ಎಡದಿಂದ ಬಲಕ್ಕೆ ಒಂದು ಸುತ್ತು, ಬಲದಿಂದ ಎಡಕ್ಕೆ ಇನ್ನೊಂದು, ಕೆಳಗೆ ಗಂಟು. ಹಗ್ಗ ಒಣಗಿದ ಮೇಲೆ ಕಟ್ಟುಗಳು ಸ್ವಲ್ಪ ಸಡಿಲವಾಗುತ್ತವೆ. ಆಗ ಕಟ್ಟಿನೊಳಗೆ ಗೇಣುದ್ದದ ಕಡ್ಡಿ ತೂರಿಸಿ ತಿರುಪಿ, ಕಡ್ಡಿಯ ತುದಿಯನ್ನು ದಬ್ಬೆಯ ಅಡಿಗೆ ಸಿಕ್ಕಿಸಿಬಿಟ್ಟರೆ ಮತ್ತೆ ಬಿಗಿ. ನೈಲಾನ್ ಹಗ್ಗ ಜಾರುತ್ತದೆ, ಬಿಸಿಲಿಗೆ ಪುಡಿಯಾಗಿ ಅಡಿಕೆಯೊಳಗೆ ಸೇರುತ್ತದೆ. ತಂತಿ ತುಕ್ಕು ಬಿಟ್ಟು ಕಲೆ ಮಾಡುತ್ತದೆ. ಕತ್ತದ್ದೇ ಒಳ್ಳೆಯದು. ಸುತ್ತಲೂ ಅಂಚಿಗೆ ಮೂರು ಅಂಗುಲ ಎತ್ತರಕ್ಕೆ ದಬ್ಬೆಯನ್ನು ನಿಲ್ಲಿಸಿ ಕಟ್ಟಿದೆವು, ಕೈಯಾಡಿಸುವಾಗ ಅಡಿಕೆ ಉರುಳಿ ಬೀಳದಿರಲಿ ಎಂದು.

ಈ ಕೆಲಸಗಳ ನಡುವೆ ಮನೆಯ ಬೇರೆ ಕೆಲಸಗಳೂ ನಡೆದವು. ಹಿತ್ತಲ ಬೇಲಿಯ ದಣಪೆಯ ಅಡ್ಡಗೋಲುಗಳು ಕೊಳೆತಿದ್ದವು, ಉಳಿದ ದಬ್ಬೆಯಲ್ಲಿ ಅವನ್ನು ಬದಲಿಸಿದೆ. ಮಳೆಗಾಲದ ಸೌತೆ ಬಳ್ಳಿ ಒಣಗಿ ಬಿದ್ದಿತ್ತು. ಅದರ ಕೊನೆಯ ಕಾಯಿಗಳನ್ನು ಆಯಿ ಬಾಳೆಯ ಪಟ್ಟೆಯಲ್ಲಿ ಒಂದೊಂದಾಗಿ ಕಟ್ಟಿ ಅಡುಗೆಮನೆಯ ಮಾಡಿನ ಗಳಕ್ಕೆ ನೇತುಹಾಕಿದರು. ಹಾಗೆ ಒಂದಕ್ಕೊಂದು ತಾಗದಂತೆ ತೂಗಿದರೆ ಬೇಸಿಗೆಯವರೆಗೂ ಕೆಡದೆ ಉಳಿಯುತ್ತವೆ. ಅಲ್ಲಿಯೂ ಗಾಳಿಯದೇ ಕೆಲಸ. ಬಳ್ಳಿ ಕಿತ್ತ ಜಾಗದಲ್ಲಿ ಹರಿವೆ, ಮೂಲಂಗಿ ಬೀಜ ಬಿತ್ತಿ, ಬದನೆ ಸಸಿ ನೆಟ್ಟೆವು. ಸೋಗೆ ಸುಟ್ಟ ಬೂದಿ ಅಲ್ಲಿಗೇ ಹೋಯಿತು. ಆಚೆ ಕೇರಿಯವರು ಭೂಮಿ ಹುಣ್ಣಿಮೆಗೆಂದು ಕೆಮ್ಮಣ್ಣು ಬಳಿದು, ಬಿಳಿ ಚಿತ್ತಾರ ಬರೆದ ಭೂಮಣಿ ಬುಟ್ಟಿ ಹೊತ್ತು ಗದ್ದೆಗೆ ಹೋದರು. ಆ ದಿನ ಮುರಿಯಾಳಿಗೆ ಬಿಡುವು. ಕೆಲಸದ ದಿನಗಳಲ್ಲಿ ಹತ್ತು ಗಂಟೆಯ ಆಸರಿಗೆ ಬೆಲ್ಲ, ನಿಂಬೆಹಣ್ಣು ಹಾಕಿದ ನೀರು, ಮಧ್ಯಾಹ್ನ ಊಟಕ್ಕೆ ಒಂದೆಲಗದ ತಂಬುಳಿ. ಊಟವಾದ ಮೇಲೆ ಎಲ್ಲರೂ ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕುವ ಹೊತ್ತಿನಲ್ಲೇ ಮರುದಿನದ ಕೆಲಸ ನಿಶ್ಚಯವಾಗುತ್ತಿತ್ತು.

ಕೊನೆಗೆ ಮಳೆಯ ಏರ್ಪಾಡು. ಸಾಮಾನ್ಯವಾಗಿ ಮಳೆ ಬಂದಾಗ ಅಡಿಕೆಯ ಮೇಲೇ ತಾಡಪತ್ರಿ ಎಳೆದುಬಿಡುತ್ತಾರೆ. ಬೇಯಿಸಿದ ಅಡಿಕೆಯಿಂದ ಏಳುವ ಹಬೆ ತಾಡಪತ್ರಿಯ ಒಳಮೈಗೆ ಹನಿಗಟ್ಟಿ ಮತ್ತೆ ಅಡಿಕೆಯ ಮೇಲೆಯೇ ಬೀಳುತ್ತದೆ. ಮೇಲೆ ನಿಂತ ಮಳೆನೀರಿನ ಭಾರಕ್ಕೆ ತಾಡಪತ್ರಿ ಜೋತು ಅಡಿಕೆಗೆ ಅಂಟಿಕೊಳ್ಳುತ್ತದೆ. ಇದಕ್ಕೆ ಪರಿಹಾರವಾಗಿ ಅಟ್ಟದ ನಟ್ಟನಡುವೆ, ಕಂಬಗಳ ನೇರಕ್ಕೆ, ಅಡ್ಡಪಟ್ಟಿಗೆ ಬಿಗಿದು ಎರಡಡಿ ಎತ್ತರದ ಕವಲು ಕೋಲುಗಳನ್ನು ನಿಲ್ಲಿಸಿ, ಕವಲಿನ ಮೇಲೆ ಉದ್ದಕ್ಕೆ ಒಂದು ತೊಲೆ ಮಲಗಿಸಿದೆವು. ತಾಡಪತ್ರಿ ಆ ತೊಲೆಯ ಮೇಲೆ ಬಿದ್ದು ಎರಡು ಬದಿಗೆ ಮನೆಯ ಮಾಡಿನಂತೆ ಇಳಿಯುತ್ತದೆ. ಪೂರ್ವ ಪಶ್ಚಿಮದ ಎರಡು ತುದಿ ತೆರೆದೇ ಇರುವುದರಿಂದ ಮಳೆ ಸುರಿಯುವಾಗಲೂ ಒಳಗೆ ಗಾಳಿ ಹಾಯುತ್ತದೆ. ಬಿಸಿಲಿರುವಾಗ ತಾಡಪತ್ರಿಯನ್ನು ಪಡುವಣ ತುದಿಗೆ ಸುರುಳಿ ಸುತ್ತಿ ಇಟ್ಟಿರುತ್ತೇವೆ. ತೊಲೆಯ ನೆರಳು ಅಡಿಕೆಯ ಮೇಲೆ ಬೀಳುವುದೇನೋ ನಿಜ. ಗೆರೆಯಷ್ಟು ತೆಳು ನೆರಳು, ದಿನವಿಡೀ ಸರಿಯುತ್ತಲೇ ಇರುತ್ತದೆ, ಅದರಿಂದ ತೊಂದರೆಯಿಲ್ಲ.

ಪರೀಕ್ಷೆಗೆ ಭಾವ ಮತ್ತು ನಾನು ಇಬ್ಬರೂ ಅಟ್ಟದ ಮೇಲೆ ಹತ್ತಿ ಅಡ್ಡಪಟ್ಟಿಯಿಂದ ಅಡ್ಡಪಟ್ಟಿಗೆ ನಡೆದೆವು. ನಡುವಿನ ಒಂದು ಕಡೆ ದಬ್ಬೆ ತುಸು ಬಾಗಿತು, ಅಲ್ಲಿ ಇನ್ನೊಂದು ಪಟ್ಟಿ ಸೇರಿಸಿದೆವು. ಚಿತ್ತೆಯ ಕೊನೆಯಲ್ಲಿ ಸಂಜೆ ಒಂದು ಜೋರು ಮಳೆ ಬಂತು. ತಾಡಪತ್ರಿ ಎಳೆದು, ಒಳಗೆ ಒಣ ಗೋಣಿಚೀಲ ಹರವಿ ನೋಡಿದೆ. ಎರಡು ತುದಿಯಲ್ಲಿ ಒಂದು ಮೊಳದಷ್ಟು ಎರಚಲು ಬಡಿದಿತ್ತು, ಉಳಿದದ್ದು ಒಣಗಿಯೇ ಇತ್ತು. ಆ ಎರಡು ತುದಿಗೆ ಸೋಗೆಯ ತಡಿಕೆ ಒಂದೊಂದು ಹೆಣೆದು ಇಟ್ಟುಕೊಂಡರೆ ಸಾಕು, ಬೇಕೆನಿಸಿದಾಗ ಒರಗಿಸಿ ನಿಲ್ಲಿಸಬಹುದು.

ಆಯಿ ಬಂದು ಖಾಲಿ ಅಟ್ಟದ ಸುತ್ತ ಕೈಯಾಡಿಸುತ್ತ ಒಂದು ಸುತ್ತು ಬಂದರು. ತೋಟದ ಬದಿಯಲ್ಲಿ ನಿಂತರೆ ನೆಲದ ಇಳಿಜಾರಿನಿಂದಾಗಿ ಅಟ್ಟ ಸ್ವಲ್ಪ ಎತ್ತರವಾಗುತ್ತದೆ ಎಂದು ತೋರಿಸಿದರು. ಆ ಬದಿಯ ಉದ್ದಕ್ಕೂ ಒಂದಡಿ ಅಗಲದ ಜಂಬಿಟ್ಟಿಗೆಯ ಮೆಟ್ಟಿಲು ಹಾಕಿಕೊಡುವುದು ಈಗ ಉಳಿದಿರುವ ಕೆಲಸ. ಕಲ್ಲುಗಳು ಹಿತ್ತಲಲ್ಲಿ ಇವೆ. ಸ್ವಾತಿ ಮಳೆ ಬಿಡುವು ಕೊಟ್ಟರೆ ಹಬ್ಬದೊಳಗೆ ಅದೂ ಆಗುತ್ತದೆ. ಕೊನೆಗೌಡರು ಹಬ್ಬ ಕಳೆದ ವಾರವೇ ಬರುತ್ತೇನೆಂದಿದ್ದಾರೆ. ಒಲೆಗೆ ಮೆತ್ತಿದ ಮಣ್ಣು ಆಗಲೇ ಆರುತ್ತಿದೆ.